ಇಪ್ಪತ್ತು ದಿನ ಮುಂದೆ

ಬೈನಾದ ಇಳಿಜಾರಿಗೆ ಅಂಟಿಕೊಂಡ ನನ್ನ ಝೆರಾಕ್ಸ್ ಅಂಗಡಿಗೆ
ಯಮನೂರಪ್ಪ ಕಾಕಾ ಬಂದರೆ ಮೊದಲು ಚಪ್ಪಲಿ ಬಿಡುತ್ತಾನೆ,
ಆಮೇಲೆ ಟೋಪಿ ತೆಗೆಯುತ್ತಾನೆ.
ಮೂವತ್ತೊಂದು ವರ್ಷ ಮುರಗಾಂವ ಬಂದರಿನಲ್ಲಿ
ಹಡಗಿನ ಹಗ್ಗ ಹಿಡಿದ ಕೈ
ಮೌಸಿನ ಮೇಲೆ ಕೂತರೆ ಮೌಸು ಕಾಣುವುದಿಲ್ಲ.

ಪಿಎಫ್ ಆಫೀಸಿನವರು ಮೇಲ್ ಹಾಕಿದ್ದಾರಂತೆ.
ಹೆಸರು ಸರಿ. ಪಾಸ್‌ವರ್ಡೂ ಸರಿ,
ಹೆಂಡತಿಯ ಹೆಸರು, ಎತ್ತಿನ ಹೆಸರು, ನಡುವೆ ಒಂದು ಚುಕ್ಕಿ.
ನಾನು ಕಣ್ಣು ಮುಚ್ಚಿಕೊಂಡೆ,
ಅವನು ಗಟ್ಟಿಯಾಗಿ ಓದುತ್ತ ಒತ್ತಿದ.
ಪುಟ ಬೆಳ್ಳಗಾಗಿ, ಒಂದು ಗಳಿಗೆ ಉಸಿರು ಹಿಡಿದು,
ಮತ್ತೆ ಅದೇ ಬಾಗಿಲಿಗೆ ತಂದು ನಿಲ್ಲಿಸಿತು:
ನಿಮ್ಮ ಬ್ರೌಸರಿನಲ್ಲಿ ಕುಕೀಗಳು ಬಂದಾಗಿವೆ.

"ಕುಕೀ ಅಂದ್ರ?"
ಬಿಸ್ಕೀಟು ಅನ್ನಲು ಹೋಗಿ ತಡೆದೆ.
ಚೀಟಿ, ಕಾಕಾ. ಒಳಗಿನವ ಬರೆದುಕೊಡುವ ಚೀಟಿ:
ಇವನನ್ನು ನೋಡಿದ್ದೇನೆ, ಬಿಡಿ.
ಈ ಪೆಟ್ಟಿಗೆ ಅದನ್ನು ಜೇಬಿನಲ್ಲಿಟ್ಟು ಹೆಜ್ಜೆಗೊಮ್ಮೆ ತೋರಿಸಬೇಕು.
ಇಲ್ಲದಿದ್ದರೆ ಹೊಸ್ತಿಲಲ್ಲಿ ಕಂಡ ಮುಖ
ಪಡಸಾಲೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ.

ಅವನಿಗೆ ನನಗಿಂತ ಚೆನ್ನಾಗಿ ತಿಳಿಯಿತು.
ಬಂದರಿನ ಗೇಟಿನಲ್ಲಿ ಪೆಡ್ನೆಕರ್,
ದಿನಾ ಇವನ ಬೀಡಿಯಿಂದಲೇ ಬೆಂಕಿ ಹಚ್ಚಿಕೊಂಡು,
ಪೂರಾ ಒಂದು ದಮ್ಮು ಹೊಗೆ ಬಿಟ್ಟು, ಆಮೇಲೆ ಕೇಳುತ್ತಿದ್ದನಂತೆ:
ಪಾಸ್ ದಾಖಯ್.
"ನನ್ನ ಮಗಳ ಮದುವ್ಯಾಗ ಉಂಡು ಹೋದಾಂವ, ಯವ್ವಾ."

ಬಾಗಿಲು ಹಾಕಿದ್ದು ನಾನೇ. ಹತ್ತು ಜನ ಕೂರುವ ಕುರ್ಚಿ,
ಯಾರೂ ಹೊರಬರುವಾಗ ಬಾಗಿಲೆಳೆದುಕೊಳ್ಳುವುದಿಲ್ಲ.
ಸೆಟ್ಟಿಂಗಿಗೆ ಹೋಗಿ ತೆರೆದೆ.
ಹಳೆಯದನ್ನೆಲ್ಲ ಗುಡಿಸಿದೆ. ಇನ್ನೊಂದು ಬ್ರೌಸರ್ ನೋಡಿದೆ.
ಎತ್ತು, ಹೆಂಡತಿ, ಚುಕ್ಕಿ.
ಮತ್ತೆ ಅದೇ ಬಾಗಿಲು.
ಆರಿಸಿ ಹಚ್ಚಿದೆ. ಅದು ಏಳುವವರೆಗೆ
ಇಬ್ಬರೂ ದೂರದ ಬಾರ್ಜಿನ ಕೂಗು ಕೇಳುತ್ತ ಕೂತೆವು.

ಇಂಗ್ಲಿಷ್ ಬಾರದವನು, ಅಂಕಿ ಬಲ್ಲವನು,
ತೆರೆಯ ಮೂಲೆಗೆ ಬೆರಳಿಟ್ಟ.
"ಇಪ್ಪತ್ತೊಂಬತ್ತ ಅಂತೈತಿ ಇದು. ಇವತ್ತ ಒಂಬತ್ತು.
ಅಷ್ಟಮಿ. ಮುಂಜಾನಿ ನೋಡೀನಿ, ಉಬ್ಬರ ಸಣ್ಣದೈತಿ."

ದುರಗೇಶ! ನನ್ನ ತಮ್ಮ.
ಅವನ ಆಟದ ಹೊಲದಲ್ಲಿ ಬದನೆ ಬೇಗ ಬರಲೆಂದು
ಗಡಿಯಾರವನ್ನೇ ಮುಂದೆ ತಳ್ಳಿದ್ದಾನೆ.
ಒಳಗಿನವ ಪಾಪ ಬರೆಬರೆದು ಕೊಡುತ್ತಲೇ ಇದ್ದ,
ಬಂದ ಚೀಟಿಯೆಲ್ಲ
ಬರುವ ಮೊದಲೇ ಹಳಸಿತ್ತು.

"ಹಾಂಗಾರ ಇದು ಮುಂದಿನ ದಿನದಾಗ ಕುಂತೈತಿ.
ಕೇಳು ಅದನ್ನ, ಅಲ್ಲಿ ನಾ ಅದೀನೇನು?"
ಕೇಳಲಿಲ್ಲ.
ಇಪ್ಪತ್ತು ದಿನ ಹಿಂದಕ್ಕೆ ತಂದೆ.

ತೆರೆಯಿತು.
ಓದದ ಮೇಲು ಸಾವಿರದ ನೂರ ನಲವತ್ತು:
ಸೀರೆ, ಸಾಲ, ಯಾರದೋ ಲಾಟರಿ,
ಅದರಡಿಯಲ್ಲಿ, ಹೋದ ತಿಂಗಳ ಇಪ್ಪತ್ತೆಂಟರದು, ಪಿಎಫ್:
ಹದಿನೈದು ದಿನದೊಳಗೆ ಉತ್ತರಿಸತಕ್ಕದ್ದು.
ಬೆರಳ ಗೆಣ್ಣು ಎಣಿಸಿದೆ.
ಆಗಿನ ತಾರೀಖಿಗೆ ಎಲ್ಲ ಮುಗಿದಿತ್ತು.
ಈಗಿನ ತಾರೀಖಿಗೆ
ಇನ್ನೂ ಮೂರೋ ನಾಲ್ಕೋ ದಿನ.

ಎರಡು ಪ್ರಿಂಟು. ನಾಲ್ಕು ಮಡಿಕೆ ಮಾಡಿ ಟೋಪಿಯೊಳಗಿಟ್ಟ.
"ಈಗ ಇದಕ್ಕ ನನ್ನ ಗುರುತು ಸಿಕ್ಕಂಗಾತು.
ನಾಳಿ ಬಂದ್ರ ಸುಮ್ಮನ ಬಿಡತೈತಲ್ಲ?"
ಇಲ್ಲ ಕಾಕಾ. ಎಂಟಕ್ಕೆ ಶಟರ್ ಎಳೆಯುವ ಮುಂಚೆ
ಎಲ್ಲರದ್ದೂ ಅಳಿಸುತ್ತೇನೆ,
ನಿನ್ನದು, ಒಡಿಶಾದ ಹುಡುಗರದು, ನರ್ಸಮ್ಮನದು.
ಇಟ್ಟರೆ, ನಿನ್ನ ಹಿಂದೆ ಕೂತವನು
ನಿನ್ನ ಮುಖ ಹಾಕಿಕೊಂಡು ಒಳಗೆ ಹೋಗುತ್ತಾನೆ.

ಚಪ್ಪಲಿಗೆ ಕಾಲು ತೂರಿಸುತ್ತ ಸ್ವಲ್ಪ ಹೊತ್ತು ನಿಂತ.
"ಹೌದು ಬಿಡು.
ಪೆಡ್ನೆಕರನೂ ಹಿಂಗ ಅಂತಿದ್ದ."

ಸಂಜೆ ಶಾಲೆಯಿಂದ ಬಂದ ದುರಗೇಶ ಕಿರುಚಿಕೊಂಡ:
ಅಕ್ಕಾ, ಬದನೆಯೆಲ್ಲ
ಮತ್ತೆ ಮೊಳಕೆ!