ಇಪ್ಪತ್ತೈದರ ತೂತು

ಮಂಡಕ್ಕಿ ಭಟ್ಟಿಯ ಖೈರುನ್ನಿಸಾ ಬೀ
ಗೋಣಿಚೀಲದಲ್ಲಿ ಸುತ್ತಿ ತಂದದ್ದು
ಎರಡು ತುಂಡಾದ ಶಾಫ್ಟು.
ಮಸಿ, ಮರಳು, ಉಪ್ಪಕ್ಕಿಯ ವಾಸನೆ.
"ಬೆಳಗಿನ ಮೂರಕ್ಕೆ ಜರಡಿ ತಿರುಗಬೇಕು, ಆಚಾರ್ರೇ.
ಇಲ್ಲಾಂದ್ರೆ ಹುರಿದದ್ದೆಲ್ಲ ಮರಳಲ್ಲೇ ಕರಕಲು."

ಮಾನಾಚಾರಿ ನನ್ನ ಕಡೆ ನೋಡಿದರು.
ಅದೇ ಅಪ್ಪಣೆ.

ಡಿಪ್ಲೊಮಾ ಮುಗಿಸಿ ಮೊನ್ನೆ ಸೇರಿದವಳು ನಾನು.
ಲೇತು ನನಗಿಂತ ಮೂವತ್ತು ವರ್ಷ ಹಿರಿದು,
ಹತ್ತಿ ಮಿಲ್ಲು ಮುಚ್ಚಿದಾಗ ಹರಾಜಿನಲ್ಲಿ ಬಂದದ್ದು;
ಅದರ ಗೇರಿನ ಹಲ್ಲುಸಂದಿಯಲ್ಲಿ ಈಗಲೂ
ಒಮ್ಮೊಮ್ಮೆ ಒಂದೆಳೆ ಅರಳೆ ಸಿಗುತ್ತದೆ.

ಬುಶ್ಶಿನ ತೂತು ಇಪ್ಪತ್ತೈದು.
ಶಾಫ್ಟನ್ನೂ ಇಪ್ಪತ್ತೈದಕ್ಕೇ ತಂದೆ,
ಉಸಿರು ಬಿಗಿಹಿಡಿದು, ಹೆಚ್ಚಿಲ್ಲ, ಕಡಿಮೆಯಿಲ್ಲ.
ಮೈಕ್ರೋಮೀಟರು ಸಾಕ್ಷಿ ಹೇಳಿತು.
ಬುಶ್ಶು ಒಳಗೆ ಬಿಡಲಿಲ್ಲ.
ತಳ್ಳಿದೆ. ತಿರುವಿದೆ. ಕೊಡತಿಯಲ್ಲಿ ತಟ್ಟಿದೆ.

"ಸಮ ಮಾಡಿಯಲ್ಲವಾ," ಅಂದರು,
"ಸಮ ಇದ್ದದ್ದು ಒಳಗ ಹೋಗಂಗಿಲ್ಲ.
ಎಣ್ಣಿಗೆ ಎಲ್ಲಿ ಜಾಗ ಬಿಟ್ಟಿ?
ಮತ್ತ, ಬಿಸಿ ಇದ್ದಾಗ ಅಳೀಬ್ಯಾಡ."

ಪುಸ್ತಕದ ಅಳತೆಗಳೆಲ್ಲ ಇಪ್ಪತ್ತು ಡಿಗ್ರಿಯವು.
ಏಪ್ರಿಲ್ಲಿನ ದಾವಣಗೆರೆ, ಸಂಜೆ ಐದು, ತಗಡಿನ ಸೂರು.
ಇಲ್ಲಿ ಇಪ್ಪತ್ತು ಡಿಗ್ರಿ ಎಂಬುದು
ಸಂಕ್ರಾಂತಿ ಹೊತ್ತಿಗೆ ಬಂದು
ಯಾರೂ ಏಳುವ ಮೊದಲೇ ಹೊರಟುಹೋಗುವ ನೆಂಟ.
ಕೊಡದ ನೀರಲ್ಲಿ ಶಾಫ್ಟು ಅದ್ದಿ, ಒರೆಸಿ,
ಚಹಾ ಮುಗಿಯುವವರೆಗೆ ಅದರ ಗೋಜಿಗೇ ಹೋಗಲಿಲ್ಲ.

ಆಮೇಲೆ ಸೀಮೆಸುಣ್ಣ.
ಬಾಗಿಲ ಹಲಗೆಯ ಮೇಲೆ ಅಡ್ಡಗೆರೆ. "ಇದು ಸೊನ್ನಿ."
ಗೆರೆಯ ಮೇಲೆ ತೂತಿನ ಮನೆ, ಇಪ್ಪತ್ತೊಂದು ಮೈಕ್ರಾನ್ ಎತ್ತರ.
ಗೆರೆಯ ಕೆಳಗೆ, ಏಳು ಬಿಟ್ಟು,
ಇಪ್ಪತ್ತರವರೆಗೆ ಶಾಫ್ಟಿನದು.
ತೂತಿಗೆ ದೊಡ್ಡ ಎಚ್, ಶಾಫ್ಟಿಗೆ ಸಣ್ಣ ಜಿ.

ಏನೂ ಇಲ್ಲದ್ದಕ್ಕೆ ಯಾಕೆ ದೊಡ್ಡಕ್ಷರ, ಕೇಳಿದೆ.
"ತೂತು ರೀಮರ್ ಕೊಟ್ಟಂಗ ಇರ್ತತಿ. ಅದರ ಜೋಡಿ ವಾದ ಇಲ್ಲ.
ಬಗ್ಗೋದೇನಿದ್ರೂ ಶಾಫ್ಟು."

ಎಮರಿ ಕಾಗದ ಹಿಡಿದು ಹದಿನಾಲ್ಕು ಮೈಕ್ರಾನ್ ಉಜ್ಜಿದೆ.
ತಲೆಗೂದಲೊಂದನ್ನು ಐದಾಗಿ ಸೀಳಿದರೆ ಅಷ್ಟು.
ನಿಲ್ಲಿಸಬೇಕಾದ ಕಡೆ ನಿಲ್ಲಿಸುವುದೇ ಕಷ್ಟ:
ದಪ್ಪಗಿದ್ದರೆ ಇನ್ನೊಮ್ಮೆ ತೆಗೆಯಬಹುದು,
ತೆಗೆದದ್ದನ್ನು ಯಾವ ಲೇತೂ ವಾಪಸು ಕೊಡದು.

ಇನ್ನೊಂದು ತುದಿಗೆ ಪುಲ್ಲಿ.
ಅಲ್ಲೂ ಅದೇ ಇಪ್ಪತ್ತೈದರ ತೂತು,
ಆದರೆ ಶಾಫ್ಟು ಗೆರೆ ದಾಟಿ ಮೇಲಿರಬೇಕು:
ಇಪ್ಪತ್ತೆರಡರಿಂದ ಮೂವತ್ತೈದು.
ತೂತಿಗಿಂತ ದಪ್ಪದ್ದು, ತೂತಿನೊಳಗೆ.

"ನಮ್ಮಪ್ಪ ಗಾಡಿ ಗಾಲಿಗೆ ಪಟ್ಟಿ ಏರಿಸ್ತಿದ್ದ.
ಬೆರಣಿ ಉರಿ, ನಾಲ್ಕು ಇಕ್ಕಳ, ಮೇಲೆ ನೀರು.
ಕಟಿಗಿ ನರಳೋದು ಓಣಿಗೆಲ್ಲ ಕೇಳ್ತಿತ್ತು.
ಅಳತಿ ಏನಿತ್ತು? ಒಂದು ದಾರ, ಒಂದು ಗಂಟು."
ಹೇಳುತ್ತ ಮೂಲೆಯ ಕುಲುಮೆ ನೋಡಿದರು.
ತಿದಿ ಹರಿದು ತಿಂಗಳಾಗಿತ್ತು.

"ನಮ್ಮ ಮರಳು ಇಲ್ವಾ?" ಅಂದಳು ಖೈರುನ್ನಿಸಾ ಬೀ.

ರಾತ್ರಿ ಎರಡಕ್ಕೆ ಭಟ್ಟಿಯ ಬಾಣಲೆಯಲ್ಲಿ
ಕಾದ ಮರಳಿನೊಳಗೆ ಪುಲ್ಲಿ ಹೂತೆವು.
ಆಕೆ ನಾಲ್ಕು ಅಕ್ಕಿಕಾಳು ಎಸೆದಳು;
ಅರಳಿದವು. "ಈಗ ತೆಗೀರಿ."
ಅವಳ ಥರ್ಮಾಮೀಟರು ಅದು.
ತೂತು ಅಗಲಿಸಿತ್ತು. ಶಾಫ್ಟು ಒಂದೇ ಗುಕ್ಕಿಗೆ ಒಳಗೆ.
ಆರುತ್ತ ಪುಲ್ಲಿ ಹಿಡಿತ ಬಿಗಿಸಿದ ಸದ್ದು
ನನಗೆ ಕೇಳಿಸಲಿಲ್ಲ.
ಮಾನಾಚಾರಿ ಕಿವಿಯಿಟ್ಟು ತಲೆಯಾಡಿಸಿದರು.

ಮೂರು ಹತ್ತಕ್ಕೆ ಜರಡಿ ತಿರುಗಿತು.
ಒಂದೇ ಶಾಫ್ಟು,
ಒಂದು ಕಡೆ ಕದಲುವ ಹಾಗಿಲ್ಲ,
ಇನ್ನೊಂದು ಕಡೆ ನಿಲ್ಲುವ ಹಾಗಿಲ್ಲ.

ಆಚಾರ್ರು ಸಿಗರೇಟು ಪ್ಯಾಕಿನ ಹಿಂದೆ ಲೆಕ್ಕ ಬರೆದರು.
ಶಾಫ್ಟು ಒಂದು. ಪುಲ್ಲಿ ಕೂರಿಸಿದ್ದು ಒಂದು.
ಎಣ್ಣೆಗೆ ಬಿಟ್ಟ ಜಾಗಕ್ಕೆ ಏನೂ ಹಾಕಿರಲಿಲ್ಲ.
ಬಿಸಿ ಮಂಡಕ್ಕಿಯ ಚೀಲ ನನ್ನ ಮಡಿಲಿಗೆ ಬಿತ್ತು,
ತೂಕವಿಲ್ಲದ್ದು,
ಹಿಡಿ ಹಿಡಿಯಲ್ಲೂ ಒಂದಿಷ್ಟು ಮರಳು.