ಐವತ್ತು ಹರ್ಟ್ಸ್

ನರಿನ್ ಪಟ್ಟಣದ ರೇಡಿಯೊ ಕೋಣೆಯಲ್ಲಿ
ಮಿಕ್ಸರಿನ ಬೆನ್ನು ಕಾಣಬೇಕೆಂದರೆ
ಮೇಜನ್ನೇ ಗೋಡೆಯಿಂದ ಎಳೆಯಬೇಕು.
ಎಳೆದೆವು.
ಒಂದು ಸತ್ತ ಜೇಡ, ಮೂರು ಸೊಮ್ ನಾಣ್ಯ,
ಯಾರೋ ಕಚ್ಚಿ ಬಿಟ್ಟ ಪೆನ್ಸಿಲು,
ವಾರಗಟ್ಟಲೆ ಬಾಚದ ಜಡೆಯ ಹಾಗೆ ವೈರು.

"ಈಗಲೇ ಬಾಚಬೇಡ," ಎಂದರು ತೊಕ್ತೊಸುನ್,
"ಯಾವುದು ಎಲ್ಲಿಂದ ಹೊರಟಿದೆ, ಮೊದಲು ಕೇಳು."
ಮೂವತ್ತೊಂಬತ್ತು ಚಳಿಗಾಲ ಇದರ ಮುಂದೆ ಕೂತವರು.
ರಷ್ಯನ್ ಅಕ್ಷರ ಸವೆದುಹೋದ ಗುಂಡಿಗಳನ್ನು
ಹೆಸರು ಹಿಡಿದು ಕರೆಯಬಲ್ಲವರು.

ನಾನು ತಂದದ್ದು ಒಂದು ಲ್ಯಾಪ್‌ಟಾಪು,
ದೊರ್ದೊಯ್ ಸಂತೆಯಲ್ಲಿ ಚೌಕಾಸಿ ಮಾಡಿದ ನೀಲಿ ಡಬ್ಬಿ.
ವ್ಯಾನಿನಲ್ಲಿ ಆರು ಗಂಟೆ, ಕಣಿವೆಯ ತಿರುವುಗಳುದ್ದಕ್ಕೂ,
ಮಡಿಲಲ್ಲಿಟ್ಟುಕೊಂಡು ತಂದೆ, ಮೊಟ್ಟೆಯ ಬುಟ್ಟಿಯಂತೆ.

"ಔಟ್ ಎಂದರೆ ಬಾಯಿ, ಇನ್ ಎಂದರೆ ಕಿವಿ.
ಬಾಯಿಗೆ ಬಾಯಿ ಸೇರಿಸಿದರೆ ಜಗಳ,
ಕಿವಿಗೆ ಕಿವಿ ಸೇರಿಸಿದರೆ
ಇಬ್ಬರೂ ಕಾಯುತ್ತ ಕೂರುತ್ತಾರೆ."
ಟೇಪ್ ಡೆಕ್ಕಿನ ಬಾಯಿ ಐದು, ಆರಕ್ಕೆ.
ಕಂಪ್ಯೂಟರಿನದು ಏಳು, ಎಂಟಕ್ಕೆ.
ಮಿಕ್ಸರಿನಿಂದ ಕಂಪ್ಯೂಟರಿನ ಕಿವಿಗೆ ಇನ್ನೊಂದು ಜೊತೆ.

ಇಲ್ಲೇ ನಾನು ತಪ್ಪಿದ್ದು.
ಮುಖ್ಯ ಔಟನ್ನೇ ಅದಕ್ಕೆ ಕೊಟ್ಟು
ಅದು ಆಡಿದ್ದನ್ನು ಮತ್ತೆ ಅದೇ ದಾರಿಗೆ ಬಿಟ್ಟೆ.
ಕೇಳಿದ್ದನ್ನೇ ಆಡಿ, ಆಡಿದ್ದನ್ನೇ ಕೇಳಿ
ಎರಡು ಉಸಿರಿನೊಳಗೆ ಅದು ಊಳಿಟ್ಟಿತು.
ಅಂಗಳದ ನಾಯಿ ಎದ್ದು ಉತ್ತರ ಕೊಟ್ಟಿತು.

ತೊಕ್ತೊಸುನ್ ಅವಸರವಿಲ್ಲದೆ ಫೇಡರ್ ಇಳಿಸಿದರು.
"ಆಕ್ಸ್ ಒಂದರಿಂದ ಕಳಿಸು.
ಎಲ್ಲರ ಮಾತೂ ಕೊಡು ಅವನಿಗೆ, ಅವನದೊಂದನ್ನು ಬಿಟ್ಟು.
ತನ್ನನ್ನೇ ಕೇಳುತ್ತ ಕೂತವನು ಕೊನೆಗೆ ಕಿರುಚುತ್ತಾನೆ.
ನಮ್ಮ ಹಳೆಯ ಡೈರೆಕ್ಟರನ್ನು ನೀನು ನೋಡಿಲ್ಲ."

ಆಮೇಲೆ ಟೇಪು. ಡಬ್ಬದ ಮೇಲೆ ನೇರಳೆ ಶಾಯಿ:
ಅಸಿಲ್‌ಕನ್, ಕೊಮುಜ್, ಫೆಬ್ರವರಿ ಎಂಬತ್ಮೂರು.
ಒತ್ತಿದೆ.
ತಂತಿ ಮೀಟುವ ಮೊದಲೇ ಗುಂಯ್.

"ನೆಲ ಎರಡಾಗಿರಬೇಕು," ಎಂದೆ, ಕಲಿತವಳ ಹಾಗೆ.
ಎಲ್ಲ ಪ್ಲಗ್ಗುಗಳನ್ನೂ ಒಂದೇ ಹಲಗೆಗೆ ತಂದೆ. ಗುಂಯ್.
ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ. ಗುಂಯ್.
ವೈರು ಬದಲಿಸಿದೆ, ಹೀಟರ್ ಆರಿಸಿದೆ,
ಹೊರಗೆ ಮೈನಸ್ ಇಪ್ಪತ್ತೆರಡು,
ಕೋಟು ತೊಟ್ಟು ಮೇಜಿನಡಿ ಅಂಗಾತ ಮಲಗಿ ಹುಡುಕಿದೆ.
ಬೇಸತ್ತು ಟೇಪು ನಿಲ್ಲಿಸಿದೆ.

ನಿಶ್ಶಬ್ದ.

ಮತ್ತೆ ಒತ್ತಿದೆ. ಗುಂಯ್.

ತೊಕ್ತೊಸುನ್ ಹೆಡ್‌ಫೋನ್ ಇಸಿದುಕೊಂಡು
ಒಂದೇ ಕಿವಿಗೆ ಹಿಡಿದರು.
"ಇದು ನಮ್ಮ ತಂತಿಯದಲ್ಲ. ಹಳೆಯ ಕಟ್ಟಡದ ಟ್ರಾನ್ಸ್‌ಫಾರ್ಮರು.
ಹಸಿರು ಬಾಗಿಲಿನ ಕೋಣೆಯಲ್ಲಿತ್ತು.
ನಾನೂ ಎಸೆನ್‌ಬೆಕ್ಕನೂ ಹೊತ್ತು ತಂದೆವು,
ಮೆಟ್ಟಿಲಲ್ಲಿ ಅವನ ಹೆಬ್ಬೆರಳು ಜಜ್ಜಿತು."
ಆ ಕಟ್ಟಡ ಇದ್ದಲ್ಲಿ ಈಗ ಕಾರು ತೊಳೆಯುತ್ತಾರೆ.

ತೆಗೆಯುವುದು ಕಷ್ಟವೇನಲ್ಲ.
ಐವತ್ತರಲ್ಲೊಂದು, ನೂರರಲ್ಲೊಂದು,
ನೂರೈವತ್ತರಲ್ಲೊಂದು ಗುಂಡಿ ತೋಡಿದೆ.
ಗುಂಯ್ ಹೋಯಿತು.
ಅದರೊಂದಿಗೆ ಅಸಿಲ್‌ಕನ್ನಳ ವಾದ್ಯದ ಹೊಟ್ಟೆಯೂ ಹೋಯಿತು:
ತಂತಿ ಉಳಿಯಿತು, ಮರ ಉಳಿಯಲಿಲ್ಲ.
ಅವರೇನೂ ಅನ್ನಲಿಲ್ಲ.
ಚಹಾದ ಬಟ್ಟಲಲ್ಲಿ ಏನೋ ಬಿದ್ದಿದೆ ಎಂಬಂತೆ ನೋಡುತ್ತಿದ್ದರು.

ತೋಡಿದ್ದನ್ನೆಲ್ಲ ಮುಚ್ಚಿದೆ.
ನಲವತ್ತೇಳು ನಿಮಿಷ, ಹಾಗೆಯೇ, ಇಳಿಸಿಕೊಂಡೆವು.
ಅವಳು ಒಮ್ಮೆ ಕೆಮ್ಮುತ್ತಾಳೆ, ಒಮ್ಮೆ ಶ್ರುತಿ ಸರಿಮಾಡುತ್ತಾಳೆ,
ಹಸಿರು ಬಾಗಿಲು ನಡುವೆಲ್ಲ ಗುನುಗುತ್ತಲೇ ಇರುತ್ತದೆ.

ಕೊನೆಗೆ ಆಸ್ಪತ್ರೆಯ ಬಿಳಿ ಪಟ್ಟಿ ಹಲ್ಲಿನಲ್ಲಿ ಹರಿದು
ಐದನೆಯ ವೈರಿಗೆ ಸುತ್ತಿ ಅವರು ಬರೆದರು:
ಕೀಳಬಾರದು.
ಮೇಜನ್ನು ಗೋಡೆಗೆ ಇನ್ನೂ ತಳ್ಳಿಲ್ಲ.
ಇನ್ನೂರ ಹನ್ನೊಂದು ಟೇಪು ಉಳಿದಿವೆ.