ಸೀಮೆಸುಣ್ಣ

ಟ್ಬಿಲಿಸಿಯಲ್ಲಿ ಟ್ರಾಮು ನಿಂತ ವರ್ಷ
ನನ್ನ ಹೆಗಲ ಟಿಕೆಟ್ ಚೀಲವೂ ಇಳಿಯಿತು.
ಆಮೇಲೆ ಈ ಕೆಲಸ: ವಿಶ್ವವಿದ್ಯಾಲಯದ ಚಿತ್ರಕಲಾ ವಿಭಾಗ,
ಮೂರನೇ ಮಹಡಿ, ಮೊಣಕಾಲೆತ್ತರದ ಹಲಗೆಕಟ್ಟೆ,
ಅದರ ಮೇಲೆ ನಾನು, ತ್ಸಿಯಾಲಾ.
ಉಟ್ಟದ್ದು ಪರದೆಯ ಹಿಂದೆ.

ನಾಚಿಕೆಯಾಗಲಿಲ್ಲವೇ, ಕೇಳುತ್ತಾಳೆ ನಾದಿನಿ.
ಆಯಿತು, ಒಂದು ವಾರ.
ಆಮೇಲೆ ಬರೀ ಚಳಿ.

ಇರುವ ಹೀಟರು ಒಂದೇ, ಎಡಕ್ಕೆ.
ಹಾಗಾಗಿ ಹದಿನೆಂಟು ವರ್ಷದಿಂದ
ಇಲ್ಲಿ ಕಲಿತವರ ಚಿತ್ರಗಳಲ್ಲೆಲ್ಲ
ನನ್ನ ಎಡತೊಡೆ ದಾಳಿಂಬೆ,
ಬಲತೊಡೆ ಉಪ್ಪುನೀರಲ್ಲಿಟ್ಟ ಚೀಸು.
ಲೆಕ್ಕದ ಪುಸ್ತಕದಲ್ಲಿ
‘ಇದ್ದಿಲು, ಟರ್ಪೆಂಟೈನ್, ಇತರೆ’ ಎಂಬ ಸಾಲಿನ
ಇತರೆ ನಾನು.

ಇಪ್ಪತ್ತು ನಿಮಿಷಕ್ಕೊಮ್ಮೆ ಗಂಟೆ.
ಜೋಮು ಹಿಡಿದ ಕಾಲು. ಚಹಾ.
ಇಳಿಯುವ ಮೊದಲು ಯಾರಾದರೊಬ್ಬರು ಮಂಡಿಯೂರಿ
ಪಾದದ ಸುತ್ತ ಸೀಮೆಸುಣ್ಣದ ಗೆರೆ ಎಳೆಯಬೇಕು,
ಬಂದು ಮತ್ತೆ ಅಲ್ಲೇ ನಿಲ್ಲಲಿ ಎಂದು.
ಮದುವೆಯ ದಿನವೂ
ನನ್ನ ಕಾಲಿಗೆ ಯಾರೂ ಇಷ್ಟು ಬಾಗಿರಲಿಲ್ಲ.

ಮೊದಲ ವರ್ಷದವರಿಗೆ ನಾನು ಮೂಳೆ.
ಒತಾರ್ ಮೇಷ್ಟ್ರು ಕೋಲು ಹಿಡಿದು ತೋರಿಸುತ್ತಾರೆ:
“ಭಾರ ಎಲ್ಲಿ ಇಳಿಯುತ್ತಿದೆ? ಅದನ್ನು ಬರಿ. ಮುಖ ಆಮೇಲೆ.”
ನಾನೂ ಹುಡುಕಿದೆ, ನಿಂತಲ್ಲೇ.
ಇಷ್ಟು ಕಾಲದ ಭಾರವೆಲ್ಲ ಬಲ ಹಿಮ್ಮಡಿಗೆ ಇಳಿಯುತ್ತಿತ್ತು,
ನನಗೇ ಗೊತ್ತಿರಲಿಲ್ಲ.

ಎರಡರಲ್ಲಿ ಮಾಂಸ, ಮೂರರಲ್ಲಿ ಬಣ್ಣ.
ಮಿಂಡಿಯಾ ಎಂಬ ಹುಡುಗ ನನ್ನ ಹೊಟ್ಟೆಗೆ ಹಸಿರು ಬಳಿದ.
ಹೆಣವೇನೋ ನಾನು, ಎಂದೆ.
“ಕಿಟಕಿಯಾಚೆ ಮರ ಇದೆಯಲ್ಲ ಚಿಕ್ಕಮ್ಮ, ಅದರದ್ದು.”
ಬಗ್ಗಿ ನೋಡಿಕೊಂಡೆ. ಹೌದು,
ಎಲೆಯ ಬೆಳಕು ಬಂದು ಮಲಗಿತ್ತು.

ಸ್ವಾನೇತಿಯ ಬೆಟ್ಟದಿಂದ ಬಂದ ಗ್ವಾಂತ್ಸಾಗೆ ಮಾತು ಕಡಿಮೆ.
ಬರೆಯುವುದಕ್ಕಿಂತ ಅಳಿಸುವುದು ಹೆಚ್ಚು;
ಬ್ರೆಡ್ಡಿನ ತಿರುಳಲ್ಲಿ ಇದ್ದಿಲು ಒರೆಸಿ
ಕಪ್ಪಾಗದ ಅರ್ಧವನ್ನು ಮಧ್ಯಾಹ್ನ ತಿನ್ನುವಳು.
ಎರಡನೇ ವರ್ಷ ನಪಾಸಾದದ್ದು ನನ್ನಿಂದಲೇ.
ಪರೀಕ್ಷೆಯ ಹಾಳೆಯಲ್ಲಿ ಕಟ್ಟೆ ಇತ್ತು, ಹೀಟರಿತ್ತು,
ಪರದೆಯ ಮೇಲೆ ನನ್ನ ಉಣ್ಣೆಯ ಶಾಲೂ ಇತ್ತು,
ನಾನಿರಲಿಲ್ಲ.
ಯಾಕೆ ಎಂದರೆ,
“ಅವರು ಅಲ್ಲಿರಲಿಲ್ಲ” ಎಂದಳಂತೆ.

ಸುಳ್ಳಲ್ಲ.
ಆ ಬೆಳಿಗ್ಗೆ ನಾನು ಎಂಟನೇ ನಂಬರಿನ ಟ್ರಾಮಿನಲ್ಲಿದ್ದೆ,
ನದಿದಂಡೆಯ ತಿರುವಿನಲ್ಲಿ,
ಕಂಬಿಗೆ ಸೊಂಟ ಆನಿಸಿ ಚಿಲ್ಲರೆ ಎಣಿಸುತ್ತ.

ನಾಲ್ಕನೇ ವರ್ಷದವರಿಗೆ ನಾನು ಬೇಡ.
ತಂತಿ, ಉಪ್ಪಿನ ಗುಡ್ಡೆ, ಅಜ್ಜಿಯ ಹೊಲಿಗೆಯಂತ್ರ, ವಿಡಿಯೋ,
ಎಲ್ಲರ ಕಣ್ಣಲ್ಲೂ ನಿದ್ದೆಗೆಟ್ಟ ಕೆಂಪು.
ಮೆಟ್ಟಿಲಲ್ಲಿ ಎದುರಾದರೆ ಕೆಲವರಿಗೆ
ಬಟ್ಟೆ ಹಾಕಿಕೊಂಡ ನನ್ನ ಗುರುತೇ ಹತ್ತುವುದಿಲ್ಲ.

ಜೂನ್. ಪದವಿ ಪ್ರದರ್ಶನ.
ಯಾವತ್ತೂ ಹೋದವಳಲ್ಲ, ಈ ಸಲ ಹೋದೆ,
ನಿವೃತ್ತಿಯ ಕಾಗದ ಚೀಲದಲ್ಲಿ,
ದಾರಿಯಲ್ಲಿ ಹಿಪ್ಪುನೇರಳೆ ಹೆಕ್ಕಿ ತಿಂದ ಬೆರಳು ಜೇಬಿನಲ್ಲಿ.

ಕೊನೆಯ ಕೋಣೆ. ಗೋಡೆ ಖಾಲಿ.
ನೆಲದ ಮೇಲೆ ನನ್ನ ಕಟ್ಟೆಯ ಹಲಗೆ.
ಗರಗಸದಿಂದ ಕೊಯ್ದು ತಂದಿದ್ದಾಳೆ ಹುಡುಗಿ,
ಮೇಲೆ ಮೆರುಗೆಣ್ಣೆ ಎಳೆದಿದ್ದಾಳೆ.
ಒರೆಸಿದಷ್ಟೂ ಮರದ ಎಳೆಯಲ್ಲಿ ಉಳಿದ
ಬಿಳಿ, ಹಳದಿ, ನೀಲಿ ಗೆರೆಗಳು,
ನೂರಾರು ಜೊತೆ ಪಾದ, ಎಲ್ಲ ನನ್ನವೇ,
ಹಳೆಯ ಡಿಪೋದ ಹಳಿಗಳ ಹಾಗೆ
ಒಂದರ ಮೈ ಇನ್ನೊಂದು ದಾಟಿ.

ಪಕ್ಕದ ಚೀಟಿಯಲ್ಲಿ ಗ್ವಾಂತ್ಸಾ ಮಾರ್ಗಿಯಾನಿ,
ಅದರ ಕೆಳಗೆ ಹೆಸರು:
‘ಚಹಾಕ್ಕೆ ಹೋಗಿದ್ದಾರೆ’.

ಸುತ್ತ ಯಾರೂ ಇರಲಿಲ್ಲ.
ಚಪ್ಪಲಿ ಬಿಟ್ಟು ಹತ್ತಿದೆ.
ಹಿಮ್ಮಡಿ ಕೂತಿತು. ಹೆಬ್ಬೆರಳು ಮಾತ್ರ
ಯಾವ ಗೆರೆಗೂ ಒಪ್ಪದೆ ಅರ್ಧ ಇಂಚು ಆಚೆ,
ಗಂಟು ಬೆಳೆದಿದೆ ಇಷ್ಟರಲ್ಲಿ.
ಭಾರ ಈಗ ಎಲ್ಲಿ ಇಳಿಯುತ್ತಿದೆ
ಎಂದು ನೋಡಿಕೊಳ್ಳುವ ಮೊದಲೇ
ಹೊಸ ಕಾವಲುಗಾರ ಬಾಗಿಲಿಂದ ಕೂಗಿದ:
“ಅಮ್ಮಾ, ಇಳಿಯಿರಿ! ಅದು ಕಲಾಕೃತಿ!”

ಇರಪ್ಪ, ಎಂದೆ,
ಇನ್ನೂ ಗಂಟೆ ಹೊಡೆದಿಲ್ಲ.